ಉಂಡದ್ದು ಮೈಗೆ ಹತ್ತಬೇಕು: ಡಾ. ಯಲ್ಲಾಪ್ರಗಡ ಸುಬ್ಬರಾವ್

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡಲು ಗುರುಗಳು ಹೇಳಿದಾಗ, ನಾನು ಕಂಪ್ಯೂಟರ್ ಬಿಟ್ಟು ಬೇರೆ ಕ್ಷೇತ್ರದವರನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕಳೆದ ವರ್ಷ ಶಾಲೆಗೆ ಬಂದಾಗ ಕಂಡ ನೋಟ. ಅಂದು ಸೋಮವಾರ. ಬಿಸಿಯೂಟ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಂತು ಒಂದೊಂದು ನೀಲಿ ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದರು. ಅದರಲ್ಲಿ ಕಬ್ಬಿಣಾಂಶ 60 ಮಿಲಿಗ್ರಾಂ, ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ. ಆ ಫೋಲಿಕ್ ಆಮ್ಲವನ್ನು ಗುಳಿಗೆಯಾಗಿಸಿದ ತಂಡದ ಮುಖ್ಯಸ್ಥ ಒಬ್ಬ ಭಾರತೀಯ ಎಂಬುದು ಅಲ್ಲಿದ್ದ ಯಾವ ಮಗುವಿಗೂ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ನನಗೂ ಗೊತ್ತಿರಲಿಲ್ಲ. ಎರಡನೆಯ ಕಾರಣ ನಮ್ಮ ಆಯಿ. ಅವಳ ಮಾತು ಮುಂದೆ ಬರುತ್ತದೆ.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಅದು ಆಗ ಮದ್ರಾಸ್ ಪ್ರಾಂತ್ಯ, ನಮ್ಮ ಬಿಜಾಪುರ ಮುಂಬಯಿ ಪ್ರಾಂತ್ಯ. ತಂದೆ ಜಗನ್ನಾಥಂ ಸಣ್ಣ ಸರಕಾರಿ ನೌಕರ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ತಂದೆಯ ಆರೋಗ್ಯವೂ ಸರಿ ಇರಲಿಲ್ಲ. ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿಮೂರರ ಸುಮಾರಿಗೆ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುತ್ತೇನೆಂದು ಮನೆ ಬಿಟ್ಟು ಓಡಿದ. ಹಿಡಿದು ತಂದು ಮತ್ತೆ ಶಾಲೆಗೆ ಕೂರಿಸಿದರು.

ಮೆಟ್ರಿಕ್ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದ. ಎರಡನೆಯ ಸಲವೂ ನಪಾಸಾದ. ಅಂಥ ಹುಡುಗನಿಗೆ ವಿದ್ಯೆ ತಲೆಗೆ ಹತ್ತುವುದಿಲ್ಲ ಎಂದು ನಮ್ಮ ಊರುಗಳಲ್ಲಿ ಇಂದಿಗೂ ತೀರ್ಮಾನ ಮಾಡಿಬಿಡುತ್ತಾರೆ. ವೆಂಕಮ್ಮ ಹಾಗೆ ಮಾಡಲಿಲ್ಲ. ತನ್ನ ಒಡವೆ ಮಾರಿ ಮಗನನ್ನು ಮದ್ರಾಸಿಗೆ ಕಳಿಸಿದಳು. ಅಲ್ಲಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಪ್ರಯತ್ನದಲ್ಲಿ ಅವನು ಪಾಸಾದ. ಮುಂದಿನದೆಲ್ಲ ನಿಂತಿರುವುದು ಆ ಮೂರನೆಯ ಪ್ರಯತ್ನದ ಮೇಲೆ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಸುಬ್ಬರಾವ್ ರಾಮಕೃಷ್ಣ ಮಠದ ಕಡೆ ಒಲಿದರು. ಸನ್ಯಾಸಿಯಾಗಬೇಕೆಂದುಕೊಂಡರು. ತಾಯಿ ಒಪ್ಪಲಿಲ್ಲ. ತಾಯಿಯ ಒಪ್ಪಿಗೆಯಿಲ್ಲದೆ ಮಠದವರೂ ಸೇರಿಸಿಕೊಳ್ಳಲಿಲ್ಲ. ವೈದ್ಯನಾದರೆ ಜನಸೇವೆ ಮಾಡಬಹುದೆಂದು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. 1919ರಲ್ಲಿ ಶೇಷಗಿರಿಯವರೊಂದಿಗೆ ಮದುವೆಯಾಯಿತು. ಓದಿನ ಖರ್ಚಿಗೆ ಮಾವನವರು ಹೆಗಲು ಕೊಟ್ಟರು. ಅದು ಗಾಂಧೀಜಿಯ ಕರೆ ದೇಶವನ್ನೆಲ್ಲ ಎಬ್ಬಿಸಿದ್ದ ಕಾಲ. ಸುಬ್ಬರಾವ್ ಖಾದಿ ತೊಟ್ಟು ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಬರೆದ ಪರೀಕ್ಷೆ ಚೆನ್ನಾಗಿದ್ದರೂ ಪೂರ್ಣ ಎಂ.ಬಿ.ಬಿ.ಎಸ್. ಸಿಗದೆ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿಗೆ ತೃಪ್ತಿಪಡಬೇಕಾಯಿತು. ಸರಕಾರಿ ವೈದ್ಯ ಸೇವೆಯ ಬಾಗಿಲು ತೆರೆಯಲಿಲ್ಲ.

ಈ ನಡುವೆ ಮನೆಗೆ ಸಾವು ಬಂತು. ಕೆಲವೇ ದಿನಗಳ ಅಂತರದಲ್ಲಿ ಅವರ ಇಬ್ಬರು ಸಹೋದರರು ಒಂದೇ ರೋಗದಿಂದ ತೀರಿಕೊಂಡರು. ಅದರ ಹೆಸರು ಸ್ಪ್ರೂ. ನಮ್ಮ ಹಿರಿಯರು ಸಂಗ್ರಹಣಿ ಎನ್ನುತ್ತಿದ್ದ ಬೇನೆಗೆ ಹತ್ತಿರದ್ದು. ತಿಂದದ್ದು ಮೈಗೆ ಹತ್ತುವುದಿಲ್ಲ. ದಿನಕ್ಕೆ ಹಲವು ಸಲ ಜಿಡ್ಡುಜಿಡ್ಡಾದ ಭೇದಿ, ಕೆಂಪಗೆ ಉರಿಯುವ ನಾಲಿಗೆ, ಬಿಳಿಚಿದ ಮುಖ. ಮನುಷ್ಯ ಉಣ್ಣುತ್ತಲೇ ಇರುತ್ತಾನೆ, ಸವೆಯುತ್ತಲೇ ಇರುತ್ತಾನೆ.

ಇದು ಹೇಗೆ ಸಾಧ್ಯ ಎಂಬುದನ್ನು ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಹೇಳುವುದು ಸುಲಭ. ಹೊಂಡದಲ್ಲಿ ನೀರಿದೆ, ಮೋಟರ್ ಓಡುತ್ತಿದೆ, ಪೈಪಿನಲ್ಲಿ ನೀರು ಹರಿಯುತ್ತಿದೆ. ಆದರೆ ಡ್ರಿಪ್ಪಿನ ತೂತುಗಳಲ್ಲಿ ಉಪ್ಪು ಕಟ್ಟಿದರೆ ಬಳ್ಳಿ ಒಣಗುತ್ತದೆ. ನೀರು ಬಿಟ್ಟೆವೆಂಬುದು ನಿಜ, ಬೇರಿಗೆ ಮುಟ್ಟಲಿಲ್ಲವೆಂಬುದೂ ನಿಜ. ನಮ್ಮ ಸಣ್ಣ ಕರುಳಿನ ಒಳಗೋಡೆಯ ಮೇಲೆ ಮಖಮಲ್ಲಿನ ಎಳೆಗಳಂಥ ಲಕ್ಷಾಂತರ ಸಣ್ಣ ಚಾಚುಗಳಿವೆ. ಆಹಾರದ ಸತ್ವ ರಕ್ತಕ್ಕೆ ಸೇರುವುದು ಅವುಗಳ ಮೂಲಕ. ಸ್ಪ್ರೂ ರೋಗದಲ್ಲಿ ಆ ಎಳೆಗಳು ಸವೆದು ಮೊಂಡಾಗುತ್ತವೆ. ಕೊಬ್ಬು ಹಾಗೇ ಹೊರಗೆ ಹೋಗುತ್ತದೆ, ಜೀವಸತ್ವಗಳೂ ಹೋಗುತ್ತವೆ. ರಕ್ತ ಕಟ್ಟಲು ಬೇಕಾದ ಸಾಮಗ್ರಿ ಸಿಗದೆ ರಕ್ತಹೀನತೆ ಬರುತ್ತದೆ.

ಸುಬ್ಬರಾವ್ ಅವರಿಗೂ ಇದೇ ರೋಗ ಬಂತು. ಮದ್ರಾಸಿನ ಆಯುರ್ವೇದ ವೈದ್ಯ ಡಾ. ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಗುಣವಾಯಿತು. ಅದೇ ಕೃತಜ್ಞತೆಯಿಂದ ಅವರ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಆದರೆ ಯಾವ ವಸ್ತು ಗುಣ ಮಾಡಿತು, ಯಾವುದರ ಕೊರತೆ ಅಣ್ಣತಮ್ಮಂದಿರನ್ನು ಕೊಂದಿತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಉಷ್ಣವಲಯದ ರೋಗಗಳನ್ನು ಕಲಿಯಲು ಹಾರ್ವರ್ಡಿಗೆ ಹೋಗಲು ನಿರ್ಧರಿಸಿದರು. ಕಾಕಿನಾಡದ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯ ನೆರವು, ಮಾವನವರ ಹಣ, ಇವೆರಡನ್ನು ನಂಬಿ ಹಡಗು ಹತ್ತಿದರು. 1922ರ ಅಕ್ಟೋಬರಿನಲ್ಲಿ ಬಾಸ್ಟನ್ ಮುಟ್ಟಿದಾಗ ಜೇಬು ಬಹುತೇಕ ಬರಿದಾಗಿತ್ತು. ಮೂರು ವರ್ಷದಲ್ಲಿ ಬರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದರು.

ಆ ಮಾತು ನಡೆಯಲಿಲ್ಲ. ಅವರು ಹೋದ ಮೇಲೆ ಹುಟ್ಟಿದ ಗಂಡುಮಗು ಒಂದು ವರ್ಷವನ್ನೂ ಕಾಣದೆ ತೀರಿಕೊಂಡಿತು. ತಂದೆ ಮಗುವಿನ ಮುಖ ನೋಡಲಿಲ್ಲ. ಶೇಷಗಿರಿಯವರು ಗಂಡನನ್ನು ಮತ್ತೆ ಕಾಣಲಿಲ್ಲ. ಮಹನೀಯರ ಜೀವನ ಬರೆಯುವಾಗ ಇಂಥದ್ದನ್ನು ಮುಚ್ಚಿಡುವ ರೂಢಿಯಿದೆ. ಆದರೆ ಕೆಲಸಕ್ಕೆಂದು ಊರು ಬಿಟ್ಟ ನಮ್ಮಂಥವರಿಗೆ ಇದು ಗೊತ್ತಿರಬೇಕು. ಅವರ ಸಾಧನೆಯ ಬೆಲೆಯನ್ನು ಊರಿನಲ್ಲಿ ಕಾಯುತ್ತ ಕುಳಿತ ಒಬ್ಬ ಹೆಣ್ಣುಮಗಳೂ ತೆತ್ತಳು.

ಬಾಸ್ಟನ್ನಿನಲ್ಲಿ ಅವರ ಎಲ್.ಎಂ.ಎಸ್. ಪದವಿಗೆ ಆಸ್ಪತ್ರೆಯಲ್ಲಿ ವೈದ್ಯನ ಕೆಲಸ ಸಿಗಲಿಲ್ಲ. ಪ್ರಾಧ್ಯಾಪಕ ರಿಚರ್ಡ್ ಸ್ಟ್ರಾಂಗ್ ಆರಂಭದಲ್ಲಿ ಕೈಹಿಡಿದರು. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಗಲು ತರಗತಿ. ಡಿಪ್ಲೊಮಾ ಮುಗಿಸಿ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆಯವರ ಬಳಿ ಸೇರಿದರು. ರಕ್ತದಲ್ಲಿ, ಮೂತ್ರದಲ್ಲಿ ರಂಜಕವನ್ನು ಅಳೆಯುವ ಅವರಿಬ್ಬರ ವಿಧಾನ 1925ರಲ್ಲಿ ಪ್ರಕಟವಾಯಿತು. ಫಿಸ್ಕೆ–ಸುಬ್ಬರಾವ್ ವಿಧಾನವೆಂದೇ ಅದು ಪಠ್ಯಪುಸ್ತಕಗಳಲ್ಲಿ ಉಳಿದಿದೆ. 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಇರುವುದನ್ನು ತೋರಿಸಿದರು. 1929ರಲ್ಲಿ ಎ.ಟಿ.ಪಿ. ಎಂಬ ಶಕ್ತಿಯ ಕಣವನ್ನು ಬೇರ್ಪಡಿಸಿದರು. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡ ವರ್ಷವದು. ನಾವು ಓಡುವಾಗ, ಭಾರ ಎತ್ತುವಾಗ ಸ್ನಾಯುವಿನಲ್ಲಿ ಖರ್ಚಾಗುವ ನಾಣ್ಯ ಇದೇ. ಜೀವಶಾಸ್ತ್ರದ ಪಾಠದಲ್ಲಿ ಎ.ಟಿ.ಪಿ. ಓದಿದವರಿಗೆ ಈ ಹೆಸರನ್ನು ಯಾರೂ ಹೇಳಿರಲಿಕ್ಕಿಲ್ಲ. 1930ರಲ್ಲಿ ಪಿಎಚ್.ಡಿ. ಬಂತು. ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ಬರಲಿಲ್ಲ. ತನ್ನ ಹೆಸರು ಮುಂದೆ ಮಾಡಿಕೊಳ್ಳುವ ಕಲೆ ಅವರಿಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಹೊರಜಗತ್ತಿನಲ್ಲಿ ರಕ್ತಹೀನತೆಯ ಗಂಟು ಒಂದೊಂದಾಗಿ ಬಿಚ್ಚುತ್ತಿತ್ತು. 1926ರಲ್ಲಿ ಅದೇ ಬಾಸ್ಟನ್ನಿನ ಮೈನಟ್ ಮತ್ತು ಮರ್ಫಿ, ಮಾರಕ ರಕ್ತಹೀನತೆಯ ರೋಗಿಗಳಿಗೆ ದಿನವೂ ಯಕೃತ್ತು ತಿನ್ನಿಸಿ ಬದುಕಿಸಿದರು. ವಿಲಿಯಂ ಕ್ಯಾಸಲ್ ಇನ್ನೊಂದು ಹೆಜ್ಜೆ ಹೋಗಿ, ಈ ರೋಗಿಗಳ ಊಟದಲ್ಲಿ ತಪ್ಪಿಲ್ಲ, ಜಠರ ಸ್ರವಿಸಬೇಕಾದ ಒಂದು ಅಂಶವೇ ಇಲ್ಲವೆಂದು ತೋರಿಸಿದರು. ಇತ್ತ ನಮ್ಮದೇ ಪ್ರಾಂತ್ಯದ ರಾಜಧಾನಿ ಮುಂಬಯಿಯಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಗಿರಣಿ ಕೆಲಸದ ಬಡ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡುತ್ತಿದ್ದರು. ಯೀಸ್ಟಿನ ಸಾರ ಕೊಟ್ಟರೆ ಅದು ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿರುವ ಆ ವಸ್ತು ಯಾವುದು? 1941ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪು ಭಟ್ಟಿ ಇಳಿಸಿ ಒಂದು ಆಮ್ಲದ ಸುಳಿವು ಹಿಡಿದರು. ಎಲೆಗೆ ಲ್ಯಾಟಿನ್ನಿನಲ್ಲಿ ಫೋಲಿಯಂ ಎನ್ನುವುದರಿಂದ ಅದಕ್ಕೆ ಫೋಲಿಕ್ ಆಮ್ಲವೆಂಬ ಹೆಸರಾಯಿತು. ಆದರೆ ರೋಗಿಗೆ ಕೊಡುವಷ್ಟು ಅದು ಯಾರ ಬಳಿಯೂ ಇರಲಿಲ್ಲ.

1940ರಲ್ಲಿ ಸುಬ್ಬರಾವ್ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಊರಿನ ಲೆಡರ್ಲೆ ಔಷಧ ಕಂಪನಿ ಸೇರಿದರು. ಎರಡು ವರ್ಷದಲ್ಲಿ ಸಂಶೋಧನೆಯ ನಿರ್ದೇಶಕರಾದರು. ಹಾರ್ವರ್ಡಿನಲ್ಲಿದ್ದಾಗಲೇ ಯಕೃತ್ತಿನ ಸಾರವನ್ನು ಶುದ್ಧಗೊಳಿಸುವ ಕೆಲಸ ಮಾಡಿದ್ದರು. ಈಗ ಕೈಕೆಳಗೆ ದೊಡ್ಡ ತಂಡವಿತ್ತು. ಯಕೃತ್ತಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಿ, ಅದರ ರಚನೆ ಬಿಡಿಸಿ, 1945ರಲ್ಲಿ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿದರು. ಮರುವರ್ಷ ಬಂದ ಪ್ರಬಂಧದಲ್ಲಿ ಹದಿನಾರು ಜನರ ಹೆಸರಿದೆ. ತಂಡದ ಮುಖ್ಯಸ್ಥರ ಹೆಸರು ವರ್ಣಮಾಲೆಯ ಪ್ರಕಾರ ಉಳಿದವರ ನಡುವೆಲ್ಲೋ ಕುಳಿತಿದೆ.

ಆ ಹಳದಿ ಪುಡಿಯನ್ನು ಅಮೆರಿಕದಲ್ಲಿ, ಆಮೇಲೆ ಕ್ಯೂಬಾ, ಪೋರ್ಟೊ ರಿಕೊ ದ್ವೀಪಗಳಲ್ಲಿ ಸ್ಪ್ರೂ ರೋಗಿಗಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಹೊಸ ರಕ್ತಕಣಗಳು ಏಳತೊಡಗಿದವು. ನಾಲಿಗೆಯ ಉರಿ ಹೋಯಿತು, ಹಸಿವು ಮರಳಿತು. ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಬರಬೇಕು. ಕರುಳೇ ಹೀರಿಕೊಳ್ಳದ ರೋಗಿಗೆ ಬಾಯಿಂದ ಕೊಟ್ಟ ಗುಳಿಗೆ ಹೇಗೆ ಹತ್ತಿತು?

ಉತ್ತರ ಎರಡು ಭಾಗದ್ದು. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಹೆಚ್ಚಾಗಿ ಉದ್ದನೆಯ ಬಾಲ ಕಟ್ಟಿಕೊಂಡಿರುತ್ತದೆ. ಕರುಳಿನ ಗೋಡೆ ಆ ಬಾಲ ಕತ್ತರಿಸಿಯೇ ಒಳಗೆ ಬಿಟ್ಟುಕೊಳ್ಳಬೇಕು. ರೋಗಗ್ರಸ್ತ ಕರುಳಿಗೆ ಆ ಕತ್ತರಿ ಮೊಂಡಾಗಿರುತ್ತದೆ. ಪ್ರಯೋಗಶಾಲೆಯ ಫೋಲಿಕ್ ಆಮ್ಲಕ್ಕೆ ಬಾಲವೇ ಇಲ್ಲ, ಕತ್ತರಿಯೂ ಬೇಡ. ಎರಡನೆಯದು ಪ್ರಮಾಣ. ದಿನದ ಅಗತ್ಯ ಮಿಲಿಗ್ರಾಂನ ಒಂದು ಚೂರು. ರೋಗಿಗೆ ಕೊಡುವುದು ಹಲವು ಮಿಲಿಗ್ರಾಂ. ಬಹುಪಾಲು ತೂತುಗಳು ಕಟ್ಟಿದ್ದರೂ ಉಳಿದವುಗಳಿಂದ ಸೋರಿದಷ್ಟೇ ಸಾಕಾಗುತ್ತದೆ. ಸತ್ವ ಸಿಕ್ಕ ಮೇಲೆ ಕರುಳಿನ ಗೋಡೆಯೂ ತನ್ನನ್ನು ರಿಪೇರಿ ಮಾಡಿಕೊಳ್ಳತೊಡಗುತ್ತದೆ. ಏಕೆಂದರೆ ಆ ಗೋಡೆಯ ಕಣಗಳು ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತವೆ, ಹೊಸದಾಗಲು ಅವಕ್ಕೂ ಫೋಲಿಕ್ ಆಮ್ಲ ಬೇಕು.

ಆದರೆ ಎಲ್ಲ ರಕ್ತಹೀನತೆಗೂ ಇದೊಂದೇ ಮದ್ದಲ್ಲ. ಒಂದೆರಡು ವರ್ಷದಲ್ಲೇ ವೈದ್ಯರಿಗೆ ಅದು ಕಂಡಿತು. ಮಾರಕ ರಕ್ತಹೀನತೆಯವರಿಗೆ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಏರುತ್ತಿತ್ತು, ಆದರೆ ನರಗಳು ಕೆಡುತ್ತಲೇ ಹೋಗುತ್ತಿದ್ದವು. ಅವರಿಗೆ ಬೇಕಾಗಿದ್ದ ವಸ್ತು ಬೇರೆ. ಅದು 1948ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಶುದ್ಧ ರೂಪದಲ್ಲಿ ಸಿಕ್ಕಿತು. ಅದೇ ಬಿ12.

ಈಗ ಆಯಿಯ ಮಾತು. ಕೆಲವು ವರ್ಷಗಳ ಹಿಂದೆ ಅವಳಿಗೆ ಸುಸ್ತು ಶುರುವಾಯಿತು. ರಕ್ತ ಕಡಿಮೆಯೆಂದು ಯಾರೋ ಕೊಟ್ಟ ಕಬ್ಬಿಣ, ಫೋಲಿಕ್ ಆಮ್ಲದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದಳು. ರಕ್ತ ಸ್ವಲ್ಪ ಏರಿತು, ನಾವು ಸಮಾಧಾನಪಟ್ಟೆವು. ಆದರೆ ಅಂಗಾಲಿಗೆ ಜೋಮು ಹಿಡಿಯಿತು. ಕತ್ತಲಲ್ಲಿ ನಡೆದರೆ ತೋಲ ತಪ್ಪುತ್ತಿತ್ತು. ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯುತ್ತಿರಲಿಲ್ಲ. ವಯಸ್ಸಾಯಿತು, ಅದಕ್ಕೆ ಹೀಗೆ ಎಂದುಕೊಂಡು ತಡಮಾಡಿದವರು ನಾವು. ಕೊನೆಗೆ ವಿಜಯಪುರದ ದವಾಖಾನೆಯಲ್ಲಿ ಪರೀಕ್ಷೆ ಮಾಡಿದಾಗ ಬಿ12 ತೀರಾ ಕೆಳಗೆ ಇಳಿದಿತ್ತು. ಅವಳ ಜಠರ ಕ್ಯಾಸಲ್ ಹೇಳಿದ ಅಂಶವನ್ನು ಸ್ರವಿಸುತ್ತಿರಲಿಲ್ಲ. ಹಾಲು, ಮಜ್ಜಿಗೆಯಲ್ಲಿದ್ದ ಬಿ12 ಬಂದ ದಾರಿಯಲ್ಲೇ ಹೊರಗೆ ಹೋಗುತ್ತಿತ್ತು.

ನರಕ್ಕೆ ಪೆಟ್ಟಾಗಿದ್ದರಿಂದ ವೈದ್ಯರು ಮೊದಲು ಸೂಜಿ ಕೊಟ್ಟರು. ಆಮೇಲೆ ಪ್ರತಿಸಲ ಬಸ್ಸು ಹತ್ತಿ ವಿಜಯಪುರಕ್ಕೆ ಹೋಗುವುದು ಅವಳಿಂದಾಗದೆ ಇದ್ದಾಗ ದಿನಕ್ಕೊಂದು 1000 ಮೈಕ್ರೋಗ್ರಾಂ ಗುಳಿಗೆ ಬರೆದುಕೊಟ್ಟರು. ಹೀರಿಕೊಳ್ಳಲಾಗದವರಿಗೆ ಗುಳಿಗೆ ಏಕೆಂದು ನಾನು ಕೇಳಿದೆ. ಅವರು ಲೆಕ್ಕ ಹೇಳಿದರು. ಜಠರದ ಆ ಅಂಶ ಇಲ್ಲದಿದ್ದರೂ ನುಂಗಿದ ಬಿ12ನಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಕರುಳಿನ ಗೋಡೆಯಿಂದ ತಾನಾಗಿ ಒಳಗೆ ಇಳಿಯುತ್ತದೆ. ಸಾವಿರದಲ್ಲಿ ನೂರಕ್ಕೊಂದು ಎಂದರೆ ಹತ್ತು. ದಿನಕ್ಕೆ ಬೇಕಾದದ್ದು ಎರಡು ಮೂರು ಮೈಕ್ರೋಗ್ರಾಂ. ಹತ್ತು ಇಳಿದರೆ ಬೇಕಾದಷ್ಟಾಯಿತು. ಸ್ವೀಡನ್ ದೇಶದಲ್ಲಿ 1960ರ ದಶಕದಿಂದಲೂ ಹೀಗೆ ಗುಳಿಗೆಯಿಂದಲೇ ನೋಡಿಕೊಳ್ಳುತ್ತಿದ್ದಾರೆ. ಆದರೆ ಗುಳಿಗೆ ಜೀವನಪೂರ್ತಿ ಬೇಕು, ತಪ್ಪಬಾರದು, ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ಆಯಿಯ ಸುಸ್ತು ಹೋಯಿತು. ಕಾಲಿನ ಜೋಮು ಪೂರ್ತಿ ಹೋಗಲಿಲ್ಲ. ನಾವು ತಡಮಾಡಿದ ತಿಂಗಳುಗಳು ಅವಳ ಕಾಲಲ್ಲೇ ಉಳಿದವು. ಅದಕ್ಕೇ ಈ ಮಾತನ್ನು ಊರವರ ಮುಂದೆ ಇಡುತ್ತಿದ್ದೇನೆ. ಸುಸ್ತು, ಜೋಮು, ನಾಲಿಗೆ ಉರಿ ಇದ್ದ ಹಿರಿಯರಿಗೆ ಅಂದಾಜಿನ ಮೇಲೆ ಗುಳಿಗೆ ನುಂಗಿಸಬೇಡಿ. ಯಾವುದು ಕಡಿಮೆಯಾಗಿದೆ, ಏಕೆ ಕಡಿಮೆಯಾಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಆಯಿಯ ಕಾಯಿಲೆಯಿಂದಲೇ ನಾನು ಇವೆಲ್ಲವನ್ನು ಓದತೊಡಗಿದ್ದು, ಸುಬ್ಬರಾವ್ ಹೆಸರು ಕಂಡದ್ದು. ಫೋಲಿಕ್ ಆಮ್ಲಕ್ಕೇ ಅವರ ಕೆಲಸ ನಿಲ್ಲಲಿಲ್ಲ. ರಕ್ತದ ಕ್ಯಾನ್ಸರಿನಲ್ಲಿ ಕಣಗಳು ಹುಚ್ಚಾಗಿ ಬೆಳೆಯಲು ಫೋಲಿಕ್ ಆಮ್ಲ ಬೇಕು. ಅದರಂತೆಯೇ ಕಾಣುವ, ಆದರೆ ಅದರ ಕೆಲಸ ತಡೆಯುವ ವಸ್ತುಗಳನ್ನು ಅವರ ತಂಡ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವುಗಳಲ್ಲೊಂದನ್ನು ಮಕ್ಕಳಿಗೆ ಕೊಟ್ಟು, ರೋಗ ಸ್ವಲ್ಪ ಕಾಲವಾದರೂ ಹಿಮ್ಮೆಟ್ಟುವುದನ್ನು 1948ರಲ್ಲಿ ವರದಿ ಮಾಡಿದರು. ಇಂದು ಕ್ಯಾನ್ಸರಿಗೂ ಸಂಧಿವಾತಕ್ಕೂ ಕೊಡುವ ಮೆಥೊಟ್ರೆಕ್ಸೇಟ್ ಆ ಮನೆತನದ್ದೇ. ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಗುಳಿಗೆ 1947ರಲ್ಲಿ ಅವರ ಪ್ರಯೋಗಶಾಲೆಯಿಂದ ಬಂತು. ನಮ್ಮ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹಂಚುತ್ತ ಬಂದದ್ದು ಇದನ್ನೇ. ಅವರ ಕೈಕೆಳಗೆ ಬೆಂಜಮಿನ್ ಡಗ್ಗರ್ ಎಂಬ ಹಿರಿಯ ವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೊಮೈಸಿನ್ ಪಡೆದರು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಅದು.

ಕೊನೆಯ ಈ ಸಂಗತಿಯಲ್ಲಿ ಒಂದು ವಿಶೇಷವಿದೆ. ಸ್ಪ್ರೂ ರೋಗಕ್ಕೆ ವೈದ್ಯರು ಮುಂದೆ ಗೊತ್ತುಮಾಡಿಕೊಂಡ ಚಿಕಿತ್ಸೆ ಎಂದರೆ ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್, ಎರಡನ್ನೂ ಕೆಲವು ತಿಂಗಳು ಬಾಯಿಂದ ಕೊಡುವುದು, ಜೊತೆಗೆ ಕಡಿಮೆಯಿದ್ದರೆ ಬಿ12. ಅಂದರೆ ಅಣ್ಣತಮ್ಮಂದಿರನ್ನು ಒಯ್ದ ರೋಗದ ಎರಡು ಮುಖ್ಯ ಮದ್ದುಗಳ ದಾರಿಯೂ ಸುಬ್ಬರಾವ್ ನಡೆಸುತ್ತಿದ್ದ ಒಂದೇ ಪ್ರಯೋಗಶಾಲೆಯಿಂದ ಶುರುವಾಯಿತು. ಆ ಎರಡೂ ಕೂಡಿ ಕೆಲಸ ಮಾಡಿದ್ದನ್ನು ನೋಡಲು ಅವರೇ ಇರಲಿಲ್ಲ. 1948ರ ಆಗಸ್ಟಿನಲ್ಲಿ ಒಂದು ರಾತ್ರಿ ನಿದ್ದೆಯಲ್ಲೇ ಹೃದಯ ನಿಂತಿತು. ವಯಸ್ಸು ಐವತ್ಮೂರು. ಸ್ವತಂತ್ರ ಭಾರತಕ್ಕೆ ಆಗ ಒಂದು ವರ್ಷ. ಅದನ್ನು ಕಣ್ಣಾರೆ ಕಾಣುವ ಯೋಗ ಅವರಿಗೆ ಬರಲಿಲ್ಲ. ನೊಬೆಲ್ ಬರಲಿಲ್ಲ. ಹುಟ್ಟಿದ ನೂರನೆಯ ವರ್ಷ, 1995ರಲ್ಲಿ, ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ನಮ್ಮ ಬ್ಯಾಚಿನಲ್ಲಿ ಹತ್ತನೆಯ ತರಗತಿ ನಪಾಸಾಗಿ ಶಾಲೆ ಬಿಟ್ಟವರಿದ್ದಾರೆ. ಕೆಲವರು ದ್ರಾಕ್ಷಿ ತೋಟದಲ್ಲಿದ್ದಾರೆ, ಕೆಲವರು ಪುಣೆ, ಮುಂಬಯಿ ಸೇರಿದ್ದಾರೆ. ಸುವರ್ಣ ಮಹೋತ್ಸವಕ್ಕೆ ಕರೆಯಲು ಫೋನ್ ಮಾಡಿದಾಗ ಒಂದಿಬ್ಬರು ಸಂಕೋಚಪಟ್ಟು, ಪಾಸಾದವರ ಹಬ್ಬಕ್ಕೆ ತಾವೇಕೆ ಎಂಬಂತೆ ಮಾತಾಡಿದರು. ಅವರಿಗಾಗಿಯೇ ಈ ಜೀವನ ಬರೆದೆ. ಕರುಳಿಗೆ ಒಂದು ರೀತಿಯಲ್ಲಿ ಹತ್ತದ್ದು ಇನ್ನೊಂದು ರೂಪದಲ್ಲಿ, ಇನ್ನೊಂದು ಪ್ರಮಾಣದಲ್ಲಿ ಹತ್ತುತ್ತದೆ. ತಲೆಗೂ ಹಾಗೆಯೇ. ನಾನು ಪಾಸಾದದ್ದು ನನ್ನ ಜಾಣತನದಿಂದಲ್ಲ. ಗಣಿತ ಒಂದು ಸಲಕ್ಕೆ ಹತ್ತದಿದ್ದಾಗ ಸಂಜೆ ಕೂರಿಸಿಕೊಂಡು ನಾಲ್ಕು ಸಲ ಬೇರೆಬೇರೆ ರೀತಿಯಲ್ಲಿ ಹೇಳಿಕೊಟ್ಟ ಗುರುಗಳು ನನಗೆ ಈ ಶಾಲೆಯಲ್ಲಿ ಸಿಕ್ಕರು. ಎಲ್ಲರಿಗೂ ಅಷ್ಟು ಹೊತ್ತು ಸಿಕ್ಕಲಿಲ್ಲ, ಅಷ್ಟೇ ವ್ಯತ್ಯಾಸ.

ಗೆಳೆಯರೇ, ಹಬ್ಬಕ್ಕೆ ತಪ್ಪದೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಸೋಮವಾರದ ನೀಲಿ ಗುಳಿಗೆ ನುಂಗುವ ಮಕ್ಕಳಿಗೆ ಗುರುಗಳು ಒಮ್ಮೆಯಾದರೂ ಇದನ್ನು ಹೇಳಲಿ: ಇದರ ಹಿಂದೆ ಮೆಟ್ರಿಕ್ಕಿನಲ್ಲಿ ಎರಡು ಸಲ ನಪಾಸಾದ ಒಬ್ಬ ಹುಡುಗನಿದ್ದಾನೆ, ಮೂರನೆಯ ಸಲಕ್ಕೆಂದು ಒಡವೆ ಮಾರಿದ ಒಬ್ಬ ತಾಯಿಯಿದ್ದಾಳೆ.